ಬದನೆ ಬಣ್ಣದ ಮೇಲಿನ ಬಿಳಿ

ಟೀಚರಮ್ಮ ಸೀರೆಗಳನ್ನು ಚೀಲದಿಂದ ತೆಗೆದು ನನ್ನ ಇಸ್ತ್ರಿ ಮೇಜಿನ ಮೇಲಿಟ್ಟರು. ಇಟ್ಟ ಮೇಲೂ ಅವುಗಳ ಮೇಲಿನ ಕೈ ತೆಗೆಯಲಿಲ್ಲ. ಮೂರೂ ನಾರಾಯಣಪೇಟೆಯ ಹತ್ತಿ ಸೀರೆಗಳೇ. ಒಂದು ಬದನೇಕಾಯಿ ಬಣ್ಣದ್ದು, ಒಂದು ಕಡುಹಸಿರು ಚೌಕಡಿಯದು, ಇನ್ನೊಂದು ಕೆಂಪು ಅಂಚಿನ ಕೆನೆಬಣ್ಣದ್ದು.

"ನಮ್ಮವ್ವನವು," ಎಂದರು. "ಇವು ಮೂರು ಬಿಟ್ರ ಆಕೀ ಬಟ್ಟಿ ಅಂತ ಮನ್ಯಾಗ ಒಂದೂ ಉಳಿದಿಲ್ಲ. ಮಗಳು ಬಾಣಂತನ ಮುಗಿಸ್ಕೊಂಡು ಗಂಡನ ಮನೀಗೆ ಹೊಂಟಾಳ. ಕೂಸಿನ ಜೋಡಿ ಇವುಗಳ ಕೌದಿ ಹೋಗ್ಬೇಕು."

ಇವರು ಮಕ್ತಲದ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಿವೃತ್ತರಾಗಿ ಈಗ ಗದ್ವಾಲದಲ್ಲಿದ್ದಾರೆ. ನಾನು ನಾರಾಯಣಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕೌದಿ ಹೊಲಿದು ಕೊಡುತ್ತೇನೆಂದು ಯಾರಿಂದಲೋ ಕೇಳಿ ಹುಡುಕಿಕೊಂಡು ಬಂದಿದ್ದರು. ಬಂದವರು ಮೊದಲು ನೋಡಿದ್ದು ಗೋಡೆಯನ್ನು. ಅಲ್ಲಿ ನನ್ನ ಬಿ.ಎಸ್ಸಿ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಕುರಿ ಕಾಯುವ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಸುಲಭಕ್ಕೆ ಹತ್ತಲಿಲ್ಲ. ಹಾಗಾಗಿ ಅದನ್ನು ಬಂದವರ ಕಣ್ಣಿಗೆ ಬೀಳುವ ಕಡೆಯೇ ಹಾಕಿದ್ದೇನೆ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಾಚಿಕೆಯಾದದ್ದು ಬೇರೆಯದಕ್ಕೆ.

ನಮ್ಮ ಕಡೆಯ ಮಾಮೂಲಿ ಕೌದಿಗೆ ಗಂಜಿ ಬೇಕಿಲ್ಲ. ಹಳೆ ಬಟ್ಟೆಯನ್ನು ಪದರು ಪದರಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು ಉದ್ದಕ್ಕೂ ದಾರ ಓಡಿಸುತ್ತಾ ಹೋದರಾಯಿತು. ಆದರೆ ಟೀಚರಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಸಣ್ಣ ಸಣ್ಣ ತ್ರಿಕೋನಗಳನ್ನು ಜೋಡಿಸಿ ಮಾಡಿದ ದೊಡ್ಡ ನಕ್ಷತ್ರ. ತ್ರಿಕೋನವೆಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಬೇಕು. ಉಟ್ಟು ಉಟ್ಟು ಮೆತ್ತಗಾದ ಹತ್ತಿಗೆ ಓರೆಯಾಗಿ ಕತ್ತರಿ ಇಟ್ಟರೆ ರಬ್ಬರಿನಂತೆ ಹಿಗ್ಗುತ್ತದೆ, ಮೊನೆಗಳು ಕೂಡುವುದೇ ಇಲ್ಲ. ಅದಕ್ಕೆ ಮೊದಲು ಗಂಜಿ ಹಾಕಿ ಬಟ್ಟೆಯನ್ನು ಕಾಗದದಂತೆ ನೆಟ್ಟಗೆ ಮಾಡಿಕೊಳ್ಳಬೇಕು, ಕತ್ತರಿಸಿ ಜೋಡಿಸಬೇಕು, ಕೌದಿ ಮುಗಿದ ಮೇಲೆ ಆ ಗಂಜಿಯನ್ನೆಲ್ಲ ತೊಳೆದು ತೆಗೆಯಬೇಕು. ಉಳಿದರೆ ಪುಡಿ ಉದುರುತ್ತದೆ, ಹುಳವೂ ಹತ್ತುತ್ತದೆ.

"ಪುಡಿ ಗಿಡಿ ಇರಬಾರ್ದು ನೋಡು," ಎಂದರು ಟೀಚರಮ್ಮ. "ಕೂಸು ಸಿಕ್ಕದ್ದೆಲ್ಲ ಬಾಯಾಗ ಇಟ್ಕೊಂತೈತಿ."

"ಟೀಚರಮ್ಮಾ, ನೀವಾ ಕಲಿಸಿದ್ದಲ್ಲೇನ್ರಿ. ಕೆಮಿಸ್ಟ್ರಿ ಓದಿದಾಕಿ ನಾ. ಒಂದ್ ಚೂರೂ ಉಳಿಯಂಗಿಲ್ಲ," ಎಂದೆ.

ಅವರು ಸೀರೆಗಳ ಮೇಲಿಂದ ಕೈ ತೆಗೆದದ್ದು ಆಗ.

ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಮೂರೂ ಸೀರೆಗಳ ಮೂಲೆ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡಿದೆ. ಬದನೆಯೂ ಹಸಿರೂ ಬಿಡಲಿಲ್ಲ. ಕೆನೆ ಸೀರೆಯ ಕೆಂಪು ಅಂಚು ಮಾತ್ರ ಬಟ್ಟೆಗೆ ತೆಳ್ಳಗೆ ಗುಲಾಬಿ ಹತ್ತಿಸಿತು. ಅಂಚನ್ನು ಬೇರೆಯಾಗಿ ಕತ್ತರಿಸಿಟ್ಟುಕೊಂಡೆ, ಚೌಕಟ್ಟಿಗೆ ಆಗುತ್ತದೆಂದು.

ಗಂಜಿ ಕಾಯಿಸುವ ಕೆಲಸ ಅವ್ವನದು. ಅಂಗಳದ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನುಚ್ಚಕ್ಕಿ ಬೇಯಿಸುತ್ತಾಳೆ. ನಾನು ಮೇಲಿನ ತಿಳಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಸೋಸಿಕೊಂಡು, ನೀರು ಬೆರೆಸಿ, ಬಟ್ಟೆ ಅದ್ದುತ್ತೇನೆ. ಕೆಳಗೆ ಉಳಿದದ್ದಕ್ಕೆ ಅವ್ವ ಮಜ್ಜಿಗೆ ಹಾಕಿ ಉಳ್ಳಾಗಡ್ಡಿ ಹೆಚ್ಚಿಡುತ್ತಾಳೆ. ಮಧ್ಯಾಹ್ನ ಅವ್ವ, ನಾನು, ಇಸ್ತ್ರಿ ಮಾಡಲು ಬರುವ ಪಕ್ಕದ ಮನೆಯ ಚಾಚಿ, ಮೂವರೂ ಅದನ್ನೇ ಕುಡಿಯುತ್ತೇವೆ.

ಮೊದಲ ಸಲ ಅದ್ದಿದ ಬದನೆ ಬಟ್ಟೆ ನೆರಳಿನಲ್ಲಿ ಒಣಗಿದಾಗ ಅಂಚಿನುದ್ದಕ್ಕೂ ಬಿಳಿ ಮಬ್ಬು ಕಾಣಿಸಿತು.

"ಗಂಜಿ ಗಟ್ಟಿ ಆಗೈತಿ ಬೇಟಾ," ಎಂದಳು ಚಾಚಿ. "ಅರೇ ನೋಡು, ಮೀಸಿ ಬಂದಂಗ ಐತಿ."

ಅವಳು ಹೇಳಿದ್ದು ನಿಜವೆನಿಸಿತು. ತುಂಡುಗಳನ್ನು ಮತ್ತೆ ನೀರಿಗೆ ಹಾಕಿ ತೆಗೆದೆ. ಮರುದಿನ ಅವ್ವನಿಗೆ ಇನ್ನೂ ತೆಳ್ಳಗೆ ಮಾಡಲು ಹೇಳಿದೆ, ಎರಡು ಪದರಿನಲ್ಲಿ ಸೋಸಿದೆ. ಮಬ್ಬು ಕಡಿಮೆಯಾಯಿತು, ಹೋಗಲಿಲ್ಲ. ಇಸ್ತ್ರಿ ಬಿಸಿ ಹೆಚ್ಚಾಗಿ ಗಂಜಿ ಮೇಲೆಯೇ ಪೊರೆಗಟ್ಟುತ್ತಿದೆಯೇನೋ ಎಂದು ಬಿಸಿ ಇಳಿಸಿದೆವು. ಬಟ್ಟೆ ಸ್ವಲ್ಪ ಹಸಿಯಿರುವಾಗಲೇ ಒಳಮಗ್ಗುಲಿನಿಂದ ಉಜ್ಜಿದೆವು. ನಮ್ಮ ಬೋರಿನ ನೀರು ಸೌಳೆಂದು ಫಿಲ್ಟರ್ ನೀರಿನ ಕ್ಯಾನು ತರಿಸಿದೆ. ಆಗ ಮೇಲುಮೈ ಹೆಚ್ಚುಕಡಿಮೆ ಸ್ವಚ್ಛವಾಗಿ ಕಂಡಿತು. ಉಳಿದ ಒಂದಿಷ್ಟು ಬಿಳಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿದರೆ ಹೋಗುತ್ತಿತ್ತು. ಬಿಸಿಲಿಗೆ ಹಿಡಿದು ನೋಡಿ ಗೆದ್ದೆನೆಂದುಕೊಂಡೆ.

ತ್ರಿಕೋನಗಳು ಚೂಪಾಗಿ ಬಂದವು. ಬದನೆಯ ಪಕ್ಕ ಹಸಿರು, ಹಸಿರಿನ ಪಕ್ಕ ಕೆನೆ, ಸುತ್ತ ಕೆಂಪಂಚು. ಹೊಲಿದು ಮುಗಿಸಿದ ನಕ್ಷತ್ರದ ಒಂದು ಮೊನೆಯೂ ತಪ್ಪಿರಲಿಲ್ಲ. ಇದು ಮೇಲಿನ ಪದರು ಮಾತ್ರ. ಒಳಪದರು ಕೂಡಿಸಿ ದಾರ ಓಡಿಸುವ ಮೊದಲು ಟೀಚರಮ್ಮನಿಗೆ ಒಮ್ಮೆ ತೋರಿಸಿ ಬರೋಣವೆಂದು ಮಡಿಚಿ ಚೀಲಕ್ಕೆ ಹಾಕಿಕೊಂಡೆ. ನಿಜ ಹೇಳಬೇಕೆಂದರೆ, ಹೊಗಳಿಸಿಕೊಂಡು ಬರಲು ಹೊರಟಿದ್ದೆ.

ಮಕ್ತಲದಲ್ಲಿ ಬಸ್ಸು ಬದಲಿಸುವಾಗ ಮಳೆ ಹಿಡಿಯಿತು. ಚೀಲವನ್ನು ಸೆರಗಿನೊಳಗೆ ಅವುಚಿಕೊಂಡೇ ನಿಂತಿದ್ದೆ. ನೆನೆಯಲಿಲ್ಲ, ಆದರೆ ಬಟ್ಟೆಗೆ ತೇವ ಹೊಕ್ಕಿರಬೇಕು. ಜುರಾಲದ ಅಣೆಕಟ್ಟೆ ದಾಟುವಾಗಲೂ ಕಿಟಕಿಯಿಂದ ಇರಚಲು ಹೊಡೆಯುತ್ತಿತ್ತು.

ಗದ್ವಾಲದ ಮನೆಯ ಪಡಸಾಲೆಯಲ್ಲಿ ಟೀಚರಮ್ಮ, ಮಡಿಲಲ್ಲಿ ಕೂಸಿಟ್ಟುಕೊಂಡ ಮಗಳು, ಊರಿಂದ ಬಂದಿದ್ದ ಟೀಚರಮ್ಮನ ನಾದಿನಿ ಕುಳಿತಿದ್ದರು.

"ನಮ್ಮ ಶಾಲೀ ಹುಡುಗಿ," ಎಂದು ಟೀಚರಮ್ಮ ನಾದಿನಿಗೆ ಹೇಳಿದರು. "ಕೆಮಿಸ್ಟ್ರಿ ಓದ್ಯಾಳ. ನಮ್ಮವ್ವನ ಸೀರಿ ಈಕೀ ಕೈಗೇ ಕೊಡ್ಬೇಕು ಅಂತ ಕೊಟ್ಟೀನಿ."

ಮಂಚದ ಮೇಲೆ ನಕ್ಷತ್ರವನ್ನು ಹರಡಿದೆ. ಮೇಲೆ ಫ್ಯಾನು ತಿರುಗುತ್ತಿತ್ತು. ಬಟ್ಟೆ ಕೈಗೆ ತುಸು ಜಿಗುಟೆನಿಸಿತು. ಎಲ್ಲರೂ "ಛಲೋ ಆಗೈತಿ" ಎಂದರು. ಚಹಾ ಬಂತು. ಚಹಾ ಕುಡಿಯುತ್ತಾ ಹೆರಿಗೆಯ ಮಾತು, ಕೂಸಿನ ಮೂಗಿನ ಮಾತು ನಡೆಯಿತು. ಲೋಟ ಕೆಳಗಿಟ್ಟು ತಿರುಗಿ ನೋಡಿದಾಗ ಬದನೆ ತುಂಡುಗಳ ಮೇಲೆಲ್ಲ ಬಿಳಿ ಎದ್ದಿತ್ತು. ಹಸಿರಿನ ಮೇಲೂ. ಗೋಡೆಗೆ ನೀರಿಳಿದು ಒಣಗಿದರೆ ಮೂಡುವಂಥ ಕಲೆ, ಅಂಚು ಗಟ್ಟಿ, ನಡುವೆ ಮಬ್ಬು.

ಮೊದಲು ನೋಡಿದ್ದು ನಾದಿನಿ. "ಏಂದಮ್ಮಾ ಇದಿ! ವೈನೀ, ಬೂಜು ಹಿಡ್ದೈತಲ್ಲ!"

ಟೀಚರಮ್ಮ ಎದ್ದು ಬಂದು ಬೆರಳಿನಿಂದ ಉಜ್ಜಿದರು. ಬೆರಳನ್ನು ನೋಡಿಕೊಂಡರು. ನನ್ನನ್ನು ಮಾತ್ರ ನೋಡಲಿಲ್ಲ.

"ಗಂಜಿ ಇರ್ಬೇಕ್ರಿ, ಒರೆಸಿದ್ರ ಹೋಗ್ತೈತಿ," ಎಂದು ನನ್ನ ಸೆರಗಿನಿಂದಲೇ ಒರೆಸಹೋದೆ. ಬಿಳಿ ಇನ್ನಷ್ಟು ಹರಡಿತು.

"ಕೆಮಿಸ್ಟ್ರಿ ಓದ್ಯಾಳ ಅಂದ್ರಲ್ಲ," ಎಂದಳು ನಾದಿನಿ. "ಬಟ್ಟೀ ಮ್ಯಾಲೇ ಕಾಣ್ತೈತಿ ಬಿಡ್ರಿ. ಇದನ್ನ ಹೊಚ್ಚಿದ್ರ ಕೂಸು ಸುಣ್ಣಾ ಹಚ್ಚಿದ ಗ್ವಾಡಿ ಆಗ್ತೈತಿ."

ಮಗಳು ನಗಲಿಲ್ಲ. ಕೂಸಿನ ಕಾಲು ಬಟ್ಟೆಗೆ ತಾಗದಂತೆ ತನ್ನ ಕಡೆಗೆ ಎಳೆದುಕೊಂಡಳು. ನಾದಿನಿಯ ಮಾತಿಗಿಂತ ಅದೇ ನನಗೆ ಹೆಚ್ಚು ತಾಗಿತು. ಬಟ್ಟೆ ಮಡಿಚಲು ಹೋದರೆ ಮಡಿಕೆ ಕೂಡುತ್ತಿರಲಿಲ್ಲ. ಟೀಚರಮ್ಮ ಇನ್ನೊಂದು ತುದಿ ಹಿಡಿದು ಮಡಿಚಿಕೊಟ್ಟರು.

"ಸರಿ ಮಾಡ್ತೀಯೇನು?"

"ಮಾಡ್ತೀನ್ರಿ."

"ಬ್ಯಾರೆ ಸೀರಿ ಇಲ್ಲ ನನ್ನ ಹತ್ರ. ನೆನಪಿಟ್ಕೋ."

ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿ ಇಟ್ಟುಕೊಳ್ಳಲಾಗದೆ ಸೀಟಿನ ಕೆಳಗೆ ತಳ್ಳಿದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಎತ್ತಿಕೊಂಡೆ. ತಪ್ಪು ಆ ಬಟ್ಟೆಯದಾಗಿರಲಿಲ್ಲ. ಮಕ್ತಲದಲ್ಲಿ ಇಳಿದು ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್ ಕೊಂಡೆ. ಗಂಜಿಗೆ ಅಯೋಡಿನ್ ತಾಗಿದರೆ ಕಡುನೀಲಿಯಾಗುತ್ತದೆ. ಮೊದಲ ದಿನವೇ ಮಾಡಬೇಕಾಗಿದ್ದ ಪರೀಕ್ಷೆ ಅದು. ಪ್ರಮಾಣಪತ್ರದ ಕೆಳಗೇ ನಿಂತು ಇಷ್ಟು ದಿನ ಕಣ್ಣಂದಾಜಿನಲ್ಲಿ ಕೆಲಸ ಮಾಡಿದ್ದೆ.

ಮನೆಗೆ ಬಂದವಳೇ ಕತ್ತರಿಸಿ ಉಳಿದಿದ್ದ ಬದನೆ ಚಿಂದಿಯ ಮೇಲಿನ ಬಿಳಿಯನ್ನು ಚಾಕುವಿನಿಂದ ಸಾಸರಿಗೆ ಕೆರೆದುಕೊಂಡೆ. ಒಂದು ಹನಿ ಅಯೋಡಿನ್ ಬಿಟ್ಟೆ. ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ ಬಿಟ್ಟರೆ ಕಂದು ಕಂದಾಗಿಯೇ ಉಳಿಯಿತು. ಪುಡಿ ಆ ಹನಿಯಲ್ಲಿ ಕರಗಿಯೇ ಹೋಯಿತು. ತಣ್ಣನೆಯ ಹನಿಯಲ್ಲಿ ಗಂಜಿಪುಡಿ ಹಾಗೆ ಕರಗುವುದಿಲ್ಲ. ಅಂದರೆ ಬಿಳಿ ಗಂಜಿಯದಲ್ಲ. ಹಾಗಾದರೆ ನೀರಿನ ಸುಣ್ಣವೇ? ಅದೂ ಕರಗಬಾರದು, ಅಲ್ಲದೆ ನಾನು ಬಳಸಿದ್ದು ಫಿಲ್ಟರ್ ನೀರು.

ಅಯೋಡಿನ್ ತಾಗದ ಇನ್ನೊಂದು ಚಿಂದಿ ತೆಗೆದುಕೊಂಡು ನಾಲಿಗೆಗೆ ಹಚ್ಚಿದೆ.

ಉಪ್ಪು.

"ಅವ್ವಾ, ಗಂಜಿಗೆ ಉಪ್ಪು ಹಾಕಿದ್ದೇನು?"

ಅವ್ವ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. "ಹೂಂ. ಯಾಕ?"

"ಬಟ್ಟಿಗಿ ಅಂತ ಹೇಳಿದ್ನಿಲ್ಲೇನು?"

"ಬಟ್ಟಿಗಿ ನೀ ಮ್ಯಾಲಿನ ತಿಳಿ ಅಷ್ಟ ತಗೋತಿದ್ದಿ. ಉಳದದ್ದು ಕುಡ್ಯಾಕ ನಮಗ ಬೇಕಲ್ಲವಾ. ಉಪ್ಪಿಲ್ಲದ ಗಂಜಿ ಒಲಿ ಮ್ಯಾಲಿಂದ ಇಳಿಸಾಕ ನನ್ನ ಕೈಗೆ ಬರ್ತೈತೇನು?" ಎಂದವಳು ನನ್ನ ಮುಖ ನೋಡಿ ದನಿ ಇಳಿಸಿದಳು. "ದಿನಾ ನೀನೂ ಕುಡದಿ. ಉಪ್ಪು ಬರೋಬ್ಬರಿ ಆಗೈತಿ ಅಂತ ನೀನಾ ಅಂದಿ."

ಅಂದಿದ್ದೆ. ಬಟ್ಟೆ ಒಣಹಾಕಿ ಬಂದು, ಆ ಬಿಳಿ ಎಲ್ಲಿಂದ ಬರುತ್ತಿದೆಯೆಂದು ಚಾಚಿಯೊಂದಿಗೆ ಚರ್ಚಿಸುತ್ತಾ, ಅದೇ ಪಾತ್ರೆಯ ಗಂಜಿಯನ್ನು ದಿನವೂ ಕುಡಿದಿದ್ದೆ. ತೆಳ್ಳಗೆ ಮಾಡು ಎಂದ ದಿನ ಅವ್ವ ನೀರು ಹೆಚ್ಚು ಹಾಕಿ, ರುಚಿ ನೋಡಿ, ಉಪ್ಪನ್ನೂ ಹೆಚ್ಚು ಹಾಕಿದ್ದಳು. ಮಳೆಯ ತೇವ ಹೀರಿದ ಬಟ್ಟೆ ಗದ್ವಾಲದ ಫ್ಯಾನಿನ ಗಾಳಿಗೆ ಒಣಗುವಾಗ ಆ ಉಪ್ಪೇ ಬಿಳಿಯಾಗಿ ಮೇಲೆದ್ದಿತ್ತು. ನನ್ನ ನಾಲಿಗೆಗೆ ಉಪ್ಪು ಗೊತ್ತಾಗಿತ್ತು, ತಲೆಗೆ ಗೊತ್ತಾಗಲಿಲ್ಲ. ಯಾಕೆಂದರೆ ನಮ್ಮಲ್ಲಿ ಗಂಜಿಯೆಂದರೆ ಉಪ್ಪಿರುವುದೇ. ನಮ್ಮ ಮನೆತನದಲ್ಲಿ ಬಟ್ಟೆಗೆ ಗಂಜಿ ಹಾಕಿ ಉಟ್ಟವರೇ ಇಲ್ಲ. ಗಂಜಿ ಹಾಕಿದ ಬಟ್ಟೆ ತೊಟ್ಟವರು ಕಚೇರಿಯಲ್ಲಿ ಕುರ್ಚಿಯ ಮೇಲಿರುತ್ತಿದ್ದರು, ನಾವು ಅವರ ಮುಂದೆ ಅರ್ಜಿ ಹಿಡಿದು ನಿಂತಿರುತ್ತಿದ್ದೆವು. ಬಟ್ಟೆಗೂ ಗಂಜಿ ಹಾಕುತ್ತಾರೆಂದು ನಾನೇ ತಿಳಿದದ್ದು ದೊಡ್ಡವಳಾದ ಮೇಲೆ.

ಆ ಹೊತ್ತಿಗೆ ಇಸ್ತ್ರಿಗೆ ಬಂದ ಚಾಚಿ ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನನ್ನು ಸಮಾಧಾನ ಮಾಡಲು ಕುಳಿತಳು. "ಬೋರಿನ ನೀರು ಸೌಳು ಐತಿ ಅಂತ ಹೇಳು ಬೇಟಾ. ನಮ್ಮೂರ ನೀರಂದ್ರ ಎಲ್ಲಾರೂ ನಂಬ್ತಾರ. ಕುಡಿಯೋ ಗಂಜಿಯಾಗ ಅದ್ದೀನಿ ಅಂತ ಯಾರ ಮುಂದ ಹೇಳ್ತಿ? ಇಜ್ಜತ್ ಹೋಗ್ತೈತಿ."

ಹಾಗೆಯೇ ಹೇಳೋಣವೆಂದು ಫೋನು ಕೈಗೆತ್ತಿಕೊಂಡೆ. ಮಾತನ್ನೂ ಜೋಡಿಸಿಕೊಂಡೆ. ಆದರೆ ಆ ಮಾತಿನ ಮುಂದಿನ ಮಾತು ಹೊಳೆಯಿತು. ನೀರಿನದೇ ತಪ್ಪೆಂದರೆ ಟೀಚರಮ್ಮ, 'ಇಲ್ಲಿಗೇ ತಾ, ನಮ್ಮನೆಯ ಮಶೀನಿನಲ್ಲಿ ಒಳ್ಳೆ ನೀರು ಹಾಕಿ ಒಗೆಸುತ್ತೇನೆ' ಎನ್ನುತ್ತಾರೆ. ಒಳಪದರಿಲ್ಲದ, ತ್ರಿಕೋನಗಳ ಆ ನಕ್ಷತ್ರ ಮಶೀನಿಗೆ ಬಿದ್ದರೆ ಚಿಂದಿಯಾಗುತ್ತದೆ. ಕೈಯಿಂದ ಮೆಲ್ಲಗೆ ತೊಳೆಯುವುದೊಂದೇ ದಾರಿಯಿತ್ತು, ಅದರಲ್ಲೂ ಕೆಂಪಂಚು ಬಣ್ಣ ಬಿಡುವ ಭಯವಿತ್ತು. ಇನ್ನೊಬ್ಬರ ಅವ್ವನ ಸೀರೆಯನ್ನು ಅವರಿಗೆ ತಿಳಿಸದೆ ಆ ಭಯಕ್ಕೆ ಒಡ್ಡುವುದು ಬೇಡವೆನಿಸಿತು.

"ಟೀಚರಮ್ಮಾ, ಅದು ಉಪ್ಪುರಿ," ಎಂದೆ.

"ನೀರಿನ ಉಪ್ಪೇನು?"

"ಅಲ್ರಿ. ಗಂಜಿಗೆ ಹಾಕಿದ್ದು. ನಮ್ಮನ್ಯಾಗ ಒಂದೇ ಗಡಿಗ್ಯಾಗ ಬಟ್ಟಿಗೂ ಮಾಡ್ತಿದ್ವಿ, ಕುಡಿಯಾಕೂ ಮಾಡ್ತಿದ್ವಿ."

ಆ ಕಡೆ ಹಿಂದಿನಿಂದ ನಾದಿನಿಯ ದನಿ ಬಂತು: "ಏನಂತ ವೈನೀ? ಏನಂತ?" ನನ್ನ ಕಿವಿ ಬಿಸಿಯಾಗಿತ್ತು.

"ತೊಳಿಬೇಕ್ರಿ," ಎಂದೆ. "ಕೆಂಪು ಬಣ್ಣ ಬಿಟ್ಟೀತು. ಬಿಡದಂಗ ನೋಡ್ಕೋತೀನಿ, ಆದ್ರ ಖಾತ್ರಿ ಹೇಳಾಕ ಬರಂಗಿಲ್ಲ. ನೀವು ಹೂಂ ಅಂದ್ರ ಮಾಡ್ತೀನಿ."

"ನಾ ಬರ್ತೀನಿ," ಎಂದರು ಅವರು. "ನನ್ನ ಮುಂದ ತೊಳಿ."

ಮಳೆ ಬಿಟ್ಟ ದಿನ ಬಂದರು. ಅಷ್ಟರೊಳಗೆ ನಾನು ಕೆಂಪಂಚನ್ನು ಬಿಚ್ಚಬಹುದಾದ ಕಡೆಯೆಲ್ಲ ಬಿಚ್ಚಿ ತೆಗೆದಿದ್ದೆ. ಒಂದು ಮೂಲೆಯಲ್ಲಿ ಮಾತ್ರ ಅದು ಕೆನೆಬಣ್ಣದ ತುಂಡಿಗೆ ಒತ್ತಾಗಿ ಹೊಲಿದುಕೊಂಡಿತ್ತು. ಎಳೆದರೆ ಹಳೆ ಬಟ್ಟೆ ಹರಿಯುವಂತಿತ್ತು, ಬಿಟ್ಟೆ. ನಕ್ಷತ್ರದ ಕೆಳಗೆ ಹಳೆ ಬಿಳಿ ಚಾದರ ಹಾಸಿ, ಎರಡಕ್ಕೂ ದೊಡ್ಡ ದೊಡ್ಡ ಟಾಕಿ ಹಾಕಿ ಕೂಡಿಸಿದ್ದೆ. ಗಂಜಿ ಬಿಟ್ಟು ಮೆತ್ತಗಾದಾಗ ತ್ರಿಕೋನಗಳನ್ನು ಆ ಚಾದರ ಹಿಡಿದುಕೊಳ್ಳಬೇಕು.

ಅಂಗಳದಲ್ಲಿ ಅಗಲದ ಪ್ಲಾಸ್ಟಿಕ್ ತೊಟ್ಟಿಯಿಟ್ಟು ಫಿಲ್ಟರ್ ನೀರು ತುಂಬಿದೆ. ಒಂದು ತುದಿ ಟೀಚರಮ್ಮ, ಒಂದು ತುದಿ ನಾನು ಹಿಡಿದು ಬಟ್ಟೆಯನ್ನು ಚಪ್ಪಟೆಯಾಗಿ ಇಳಿಸಿದೆವು. ಉಜ್ಜಲಿಲ್ಲ, ಹಿಂಡಲಿಲ್ಲ, ಅಂಗೈಯಿಂದ ಮೆಲ್ಲಗೆ ಒತ್ತಿದೆವಷ್ಟೇ. ಕೆಂಪು ಮೂಲೆಯನ್ನು ನೀರಿಗೆ ಬಿಡದೆ ಚಾಚಿ ಎತ್ತಿ ಹಿಡಿದುಕೊಂಡಿದ್ದಳು. ನೀರು ಬದಲಿಸಿದೆವು, ಮತ್ತೆ ಬದಲಿಸಿದೆವು. ಕೊನೆಗೆ ಕೆಂಪು ಮೂಲೆಯೊಂದನ್ನೇ ಬೇರೆ ಬೋಗುಣಿಯಲ್ಲಿ ಅದ್ದಿ ಕೂಡಲೇ ಒಣ ಟವೆಲಿನ ನಡುವೆ ಒತ್ತಿದೆ. ಆದರೂ ಬಿಟ್ಟಿತು. ಪಕ್ಕದ ಕೆನೆ ತ್ರಿಕೋನದ ಮೊನೆ ತೆಳ್ಳಗೆ ಗುಲಾಬಿಯಾಯಿತು.

ಟೀಚರಮ್ಮ ನೋಡಿದರು. "ಹೋಗಂಗಿಲ್ಲೇನು?"

"ತಿಕ್ಕಿದ್ರ ಬಟ್ಟೀನೂ ಹೋಗ್ತೈತ್ರಿ."

"ಇರ್ಲಿ ಬಿಡು," ಎಂದರು. ಆದರೆ ಅವರ ಬೆರಳು ಆ ಮೊನೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಅದನ್ನು ಅವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲವೆಂದು ನಾನು ಬರೆಯಲಾರೆ.

ಆಮೇಲಿನ ಕೆಲಸ ಇಲ್ಲೇ ಹೇಳಿಬಿಡುತ್ತೇನೆ. ಬಟ್ಟೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಒಣಗಿಸಿದೆ. ಉಪ್ಪಿಲ್ಲದ, ನೀರಿನಷ್ಟೇ ತೆಳ್ಳಗಿನ ತಿಳಿಯನ್ನು ಸೋಸಿ, ಒಳಮಗ್ಗುಲಿಗೆ ಬಟ್ಟೆಯಿಂದ ಒತ್ತಿ ಒತ್ತಿ ಹಚ್ಚಿದೆ. ಒಮ್ಮೆಗೆ ದಪ್ಪವಾಗಿ ಹಚ್ಚದೆ, ಒಂದು ಸಲದ್ದು ಪೂರ್ತಿ ಹೀರಿಕೊಂಡ ಮೇಲೆ ಇನ್ನೊಂದು ಸಲ. ಹಸಿಯಿರುವಾಗಲೇ ಚಾಚಿ ಇಸ್ತ್ರಿ ಮಾಡಿದಳು. ಬಿಳಿ ಏಳಲಿಲ್ಲ. ಬಿಚ್ಚಿದ ಕೆಂಪಂಚನ್ನು ಬಣ್ಣ ಬಿಡುವುದು ನಿಲ್ಲುವ ತನಕ ಬೇರೆಯಾಗಿ ತೊಳೆದು ಮತ್ತೆ ಹೊಲಿದೆ. ಕೌದಿ ಹೊಲಿದು ಮುಗಿದ ಮೇಲೆ ಮತ್ತೆ ತೊಳೆದು, ಕೊನೆಯ ನೀರಿಗೆ ಅಯೋಡಿನ್ ಹನಿ ಬಿಟ್ಟು, ನೀಲಿ ಕಾಣದಿದ್ದ ಮೇಲೆಯೇ ಒಣಹಾಕಿದೆ. ಕೌದಿ ಕೂಸಿನ ಜೊತೆ ಹೋಯಿತು. ಗುಲಾಬಿ ಮೊನೆಯೂ ಹೋಯಿತು.

ನನ್ನ ಮನಸ್ಸಿನಲ್ಲಿ ಕುಳಿತದ್ದು ತೊಳೆದ ದಿನದ ಮಧ್ಯಾಹ್ನ.

ಬಟ್ಟೆ ಹಾಸಿ ಎದ್ದಾಗ ಟೀಚರಮ್ಮನ ಸೀರೆ ಮೊಣಕಾಲ ತನಕ ನೆನೆದಿತ್ತು. ಅವರು ಒದ್ದೆ ನಕ್ಷತ್ರದ ಒಂದು ಮೂಲೆಯೆತ್ತಿ, ನಾನು ತಡೆಯುವ ಮೊದಲೇ, ನಾಲಿಗೆಗೆ ಹಚ್ಚಿ ನೋಡಿದರು. "ಸಪ್ಪಗ ಐತಿ," ಎಂದು ನಕ್ಕರು. ಗದ್ವಾಲದ ಆ ದಿನದ ನಂತರ ಅವರು ನನ್ನ ಮುಂದೆ ನಕ್ಕದ್ದು ಅದೇ ಮೊದಲು.

ಆಗ ಅವ್ವ ಬಾಗಿಲಲ್ಲಿ ಲೋಟಗಳನ್ನು ಹಿಡಿದು ನಿಂತದ್ದು ಕಂಡಿತು. ಗಂಜಿ. ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ಇಷ್ಟೆಲ್ಲ ಆದ ಮೇಲೆ ಅವರ ಕೈಗೆ ಗಂಜಿಯ ಲೋಟವೇ? ಚಹಾ ಮಾಡಬಹುದಿತ್ತು. ಅವ್ವ ಅರ್ಧಕ್ಕೇ ನಿಂತಳು. ಟೀಚರಮ್ಮ ತಾವಾಗಿಯೇ ಕೈ ಚಾಚಿದರು.

"ತಾ ಅವ್ವಾ. ಹಸ್ದೀನಿ ನಾ."

ಒಂದು ಗುಟುಕು ಕುಡಿದು ನಿಲ್ಲಿಸಿದರು. "ಇದಕ ಉಪ್ಪಾ ಇಲ್ಲಲ್ಲಾ!"

ನಾನೂ ಕುಡಿದು ನೋಡಿದೆ. ಮಜ್ಜಿಗೆಯಿತ್ತು, ಉಳ್ಳಾಗಡ್ಡಿಯಿತ್ತು, ಉಪ್ಪಿರಲಿಲ್ಲ. ಬಟ್ಟೆಗೆ ಬೇರೆ ಪಾತ್ರೆ ತೆಗೆದಿಟ್ಟಾಗಿತ್ತು. ಇದು ಕುಡಿಯುವ ಪಾತ್ರೆಯದೇ. ಆದರೂ ಹಾಕಿರಲಿಲ್ಲ. ಕೇಳಿದರೆ, ನಾನು ಉಪ್ಪಿನ ಮಾತೆತ್ತಿದ ದಿನದಿಂದ ಅವ್ವ ತನ್ನ ಲೋಟಕ್ಕೂ ಹಾಕಿಕೊಂಡಿಲ್ಲವೆಂದು ಚಾಚಿಯೇ ಹೇಳಿದಳು. ನಾನು ಗಮನಿಸಿರಲೇ ಇಲ್ಲ. ಆ ದಿನಗಳಲ್ಲಿ ನಾನು ಗಂಜಿಯನ್ನೇ ಮುಟ್ಟಿರಲಿಲ್ಲ.

"ಒಂದಿಷ್ಟು ಉಪ್ಪು ಹಾಕು ಬೇ ಯವ್ವಾ," ಎಂದರು ಟೀಚರಮ್ಮ.

ಅವ್ವ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದಳು. ಮುಚ್ಚಳ ತೆಗೆದಳು. ತನ್ನದೇ ಮನೆಯಲ್ಲಿ, ತನ್ನದೇ ಗಂಜಿಗೆ, ಬೆರಳು ಹಾಕುವ ಮೊದಲು ನನ್ನ ಮುಖ ನೋಡಿದಳು.